ಮಳೆಗಾಲದ ಮುರಕಲ್ಲಿಗೆ ಯಾವ ಮ್ಯಾಪ್? ಕಾರ್ಕಳದ ಒಂದು ಡರ್ಟ್ ಬೈಕಿನ ಪ್ರಕರಣ

ಮ್ಯಾಪ್ ಅಂದರೆ ಸ್ಪಾರ್ಕ್ ಯಾವಾಗ, ಪೆಟ್ರೋಲ್ ಎಷ್ಟು ಎಂದು ಎಂಜಿನ್‌ಗೆ ಹೇಳುವ ಕೋಷ್ಟಕ. ಬೈಕು ಕವಾಸಾಕಿ ಕೆಎಕ್ಸ್250ಎಫ್, ಸೆಕೆಂಡ್ ಹ್ಯಾಂಡ್. 249 ಸಿಸಿ, ಫೋರ್ ಸ್ಟ್ರೋಕ್, ಫ್ಯುಯೆಲ್ ಇಂಜೆಕ್ಷನ್. ಸೆಲ್ಫ್ ಸ್ಟಾರ್ಟ್ ಇಲ್ಲ, ಕಿಕ್ಕರ್ ಹೊಡೆಯಬೇಕು. ರೇಸಿಗೆಂದೇ ಮಾಡಿದ ಗಾಡಿಯಾದ್ದರಿಂದ ಹೆಡ್‌ಲೈಟ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ರಸ್ತೆಗೆ ಇಳಿಸುವಂತಿಲ್ಲ, ಟೆಂಪೋಗೆ ಹಾಕಿಕೊಂಡೇ ಒಯ್ಯಬೇಕು.

ಜಾಗ ಕಾರ್ಕಳದ ಹತ್ತಿರದ ಒಂದು ರಬ್ಬರ್ ತೋಟ. ಸವಾರ ನನ್ನ ಗೆಳೆಯ, ತೋಟ ಅವನ ಸೋದರಮಾವನದ್ದು. ತೋಟದ ಮೇಲಿನ ಬದಿಯಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಮುರಕಲ್ಲಿನ (ಕೆಂಪು ಕಲ್ಲು, ಲ್ಯಾಟರೈಟ್) ಕೋರೆ ಇದೆ. ಕೋರೆಯ ಸುತ್ತ ಒಂದು ರೌಂಡು, ಅಲ್ಲಿಂದ ರಬ್ಬರ್ ಮರಗಳ ನಡುವೆ ಇಳಿದು, ಹೊಸದಾಗಿ ಮಣ್ಣು ತುಂಬಿಸಿದ ಒಂದು ಗದ್ದೆ ದಾಟಿ ಮತ್ತೆ ಮೇಲೆ ಹತ್ತಬೇಕು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಡ.

ತಿಂಗಳು ಆಟಿ, ತುಳುನಾಡಿನ ಜುಲೈ-ಆಗಸ್ಟ್‌ನ ಮಳೆಯ ತಿಂಗಳು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಹೊತ್ತಿಗೆ ಮುರಕಲ್ಲಿನ ಮೇಲೆ ಹಸಿರು ಹಾವಸೆ ಕಟ್ಟಿರುತ್ತದೆ. ಕೆಳಗೆ ಗಟ್ಟಿ ಕಲ್ಲು, ಮೇಲೆ ತೆಳ್ಳಗಿನ ಜಾರು ಪದರ. ದಪ್ಪ ಗುಬ್ಬಿಗಳಿರುವ ಬಟನ್ ಟೈರಿನ ಬಟನ್‌ಗಳು ಒಳಗೆ ಇಳಿಯುವುದಕ್ಕೆ ಅಲ್ಲಿ ಏನೂ ಇಲ್ಲ. ಈ ಪ್ರಕರಣದ ಅರ್ಧ ಉತ್ತರ ಈ ನೆಲದಲ್ಲೇ ಇದೆ.

ಸವಾರನ ದೂರು

ಅವನು ಫೋನ್ ಮಾಡಿದಾಗ ಹೇಳಿದ್ದು ಇಷ್ಟು. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಹಿಂದಿನ ಚಕ್ರ ಸುಮ್ನೆ ಗರಗರ ತಿರುಗುತ್ತದೆ, ಬೈಕು ಮುಂದೆ ಹೋಗುವುದಿಲ್ಲ. ನಿಧಾನದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಟಪ್ ಎಂದು ಆಫ್ ಆಗುತ್ತದೆ. ಬಿಸಿ ಎಂಜಿನ್‌ನಲ್ಲಿ ಮತ್ತೆ ಕಿಕ್ಕರ್ ಹೊಡೆಯುವುದು ದೊಡ್ಡ ಕಷ್ಟ, ಒಮ್ಮೆ ಕಿಕ್ಕರ್ ತಿರುಗಿ ಕಾಲಿಗೇ ಹೊಡೆದಿತ್ತು. ಕೆಲವು ರೌಂಡು ಹೊಡೆಯುವಷ್ಟರಲ್ಲಿ ಮುಂಗೈ ಕಲ್ಲಿನಂತಾಗುತ್ತದೆ.

“ದುಬೈಯಲ್ಲಿ ಇದೇ ತರದ ಬೈಕು ಓಡಿಸಿದವ ನಾನು. ಅಲ್ಲಿ ಹೀಗೆಲ್ಲ ಇರ್ಲಿಲ್ಲ ಮಾರಾಯ. ಇದರ ಎಂಜಿನ್‌ಗೇ ಎಂತದೋ ಆಗಿದೆ” ಎಂದ.

ನಾನು ನೋಡುವ ಮೊದಲೇ ಅವನು ಸಾಕಷ್ಟು ಖರ್ಚು ಮಾಡಿಯಾಗಿತ್ತು. ಹಿಂದಿನ ಟೈರ್ ಹೊಸದು. ಪಿಕಪ್ ಸಾಲುವುದಿಲ್ಲ ಎಂದು ಯಾರೋ ಹೇಳಿದ ಮೇಲೆ ಹಿಂದೆ ಎರಡು ಹಲ್ಲು ಜಾಸ್ತಿ ಇರುವ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಹಾಕಿಸಿದ್ದ. ಒಂದು ಗ್ಯಾರೇಜಿನಲ್ಲಿ ಪಿಸ್ಟನ್ ರಿಂಗ್ ಹೋಗಿದೆ ಎಂದಿದ್ದರಂತೆ. ಎಂಜಿನ್ ಬಿಚ್ಚಿಸಲು ದಿನ ಕೂಡ ಗೊತ್ತು ಮಾಡಿದ್ದ.

ದೊಡ್ಡ ಸ್ಪ್ರಾಕೆಟ್ ಹಾಕಿದ್ದು ರೋಗವನ್ನು ಜಾಸ್ತಿ ಮಾಡಿತ್ತು. ಹಿಂದೆ ಹಲ್ಲು ಹೆಚ್ಚಿದಷ್ಟೂ ಚಕ್ರಕ್ಕೆ ಬರುವ ತಿರುಚುಬಲ ಹೆಚ್ಚುತ್ತದೆ. ಈಗಾಗಲೇ ಜಾರುತ್ತಿರುವ ಚಕ್ರಕ್ಕೆ ಇನ್ನಷ್ಟು ಬಲ ಕೊಟ್ಟರೆ ಅದು ಇನ್ನಷ್ಟು ಬೇಗ ಜಾರುತ್ತದೆ, ಅಲ್ವಾ?

ಕಂಡದ್ದು

ಬೈಕಿನ ಮುಂಭಾಗದಲ್ಲಿ, ಹ್ಯಾಂಡಲ್ ಕೂರುವ ಪೈಪಿನ ಹತ್ತಿರ, ಒಂದು ಸಣ್ಣ ಪ್ಲಾಸ್ಟಿಕ್ ಕಪ್ಲರ್, ಅಂದರೆ ವೈರಿಗೆ ಸಿಕ್ಕಿಸುವ ತುಂಡು, ಇರುತ್ತದೆ. ಈ ಮಾಡೆಲಿಗೆ ಕಂಪನಿಯೇ ಮೂರು ಕಪ್ಲರ್ ಕೊಡುತ್ತದೆ. ಹಸಿರು ಸ್ಟ್ಯಾಂಡರ್ಡ್. ಕಪ್ಪು ಗಟ್ಟಿ ನೆಲಕ್ಕೆ. ಬಿಳಿ ಸಡಿಲ ನೆಲಕ್ಕೆ. ಯಾವುದನ್ನು ಸಿಕ್ಕಿಸುತ್ತೇವೋ ಅದಕ್ಕೆ ಸರಿಯಾದ ಮ್ಯಾಪನ್ನು ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಎತ್ತಿಕೊಳ್ಳುತ್ತದೆ. ಬದಲಿಸುವಾಗ ಎಂಜಿನ್ ಆಫ್ ಇರಬೇಕು, ಅಷ್ಟೆ. ಸ್ಪ್ಯಾನರ್ ಕೂಡ ಬೇಡ.

ಈ ಬೈಕಿನಲ್ಲಿ ಇದ್ದದ್ದು ಬಿಳಿ. ಯಾಕೆ ಎಂದು ಕೇಳಿದೆ. ತಾನೇ ಹಾಕಿದ್ದು ಎಂದ. ದುಬೈಯಿಂದ ಹತ್ತಾಕ್ಕೆ ಹೋಗುವ ರಸ್ತೆಯ ಬದಿಯ ಬಿಗ್ ರೆಡ್ ಎಂಬ ಮರಳು ದಿಬ್ಬದಲ್ಲಿ ಓಡಿಸುವಾಗ ಎಲ್ಲರೂ ಬಿಳಿಯನ್ನೇ ಹಾಕುತ್ತಿದ್ದರಂತೆ. ಅದರಲ್ಲಿ ಪಿಕಪ್ ಜಾಸ್ತಿ, ಆದ್ದರಿಂದ ಅದೇ ಒಳ್ಳೆಯದು ಎಂಬುದು ಅವನ ಲೆಕ್ಕ. ಅಲ್ಲಿ ಆ ಲೆಕ್ಕ ಸರಿಯೇ ಇತ್ತು. ಆಳದ ಮರಳು ಚಕ್ರವನ್ನು ಸದಾ ಹಿಡಿದು ಎಳೆಯುತ್ತದೆ. ಅಲ್ಲಿ ಚಕ್ರ ಜೋರಾಗಿ ತಿರುಗುತ್ತಲೇ ಇರಬೇಕು, ಎಂಜಿನ್ ಚುರುಕಾಗಿ ಮೇಲೇರಬೇಕು. ನಿಧಾನವಾದರೆ ಮುಂದಿನ ಚಕ್ರ ಹೂತುಹೋಗುತ್ತದೆ.

ಕಾರ್ಕಳದ ಕೋರೆಯಲ್ಲಿ ಹೂತುಹೋಗುವ ಪ್ರಶ್ನೆಯೇ ಇಲ್ಲ. ಇಲ್ಲಿ ಬೇಕಾದದ್ದು ಹಿಡಿತ. ನೆಲ ಎಷ್ಟು ತಡೆದುಕೊಳ್ಳುತ್ತದೋ ಅಷ್ಟೇ ಬಲ ಚಕ್ರಕ್ಕೆ ಬರಬೇಕು, ಅದೂ ಮೆಲ್ಲನೆ ಬರಬೇಕು.

ಮ್ಯಾಪ್ ಮಾಡುವ ಕೆಲಸ

ಸಿಲಿಂಡರಿನಲ್ಲಿ ಸ್ಪಾರ್ಕ್ ಹಾರಿದ ಕೂಡಲೇ ಪೆಟ್ರೋಲ್ ಪೂರ್ತಿ ಉರಿದುಬಿಡುವುದಿಲ್ಲ. ಉರಿ ಹರಡಲು ಸ್ವಲ್ಪ ಹೊತ್ತು ಬೇಕು. ಪಿಸ್ಟನ್ ತುತ್ತತುದಿ ಮುಟ್ಟಿ ಕೆಳಗೆ ಹೊರಟ ಮೇಲೆ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಸುಮಾರು 10ರಿಂದ 15 ಡಿಗ್ರಿ ತಿರುಗುವಾಗ, ಒತ್ತಡ ಅತಿ ಹೆಚ್ಚು ಇದ್ದರೆ ಎಂಜಿನ್ ಚೆನ್ನಾಗಿ ಎಳೆಯುತ್ತದೆ. ಹಾಗಾಗಬೇಕಾದರೆ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಸ್ಪಾರ್ಕ್ ಕೊಡಬೇಕು. ಇದನ್ನೇ ಅಡ್ವಾನ್ಸ್ ಅನ್ನುವುದು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. 9000 ಸುತ್ತಿನಲ್ಲಿ ಅದೇ ಒಂದು ಮಿಲಿಸೆಕೆಂಡಿಗೆ 54 ಡಿಗ್ರಿ. ಎಂಜಿನ್ ಜೋರಾದಾಗ ಒಳಗಿನ ಗಾಳಿಯ ಸುಳಿ ಜಾಸ್ತಿಯಾಗಿ ಉರಿಯೂ ಬೇಗ ಹರಡುತ್ತದೆ ನಿಜ. ಆದರೂ ಕ್ರ್ಯಾಂಕಿನ ವೇಗಕ್ಕೆ ಅದು ಪೂರ್ತಿ ಸಾಟಿಯಾಗುವುದಿಲ್ಲ. ಹಾಗಾಗಿ ಸುತ್ತು ಏರಿದಂತೆ ಸ್ಪಾರ್ಕ್ ಇನ್ನೂ ಮೊದಲು ಬರಬೇಕಾಗುತ್ತದೆ. ಆಕ್ಸಿಲರೇಟರ್ ಸ್ವಲ್ಪವೇ ತೆರೆದಿದ್ದರೆ ಒಳಗೆ ಬರುವ ಗಾಳಿ ಪೆಟ್ರೋಲ್ ಕಡಿಮೆ, ಉರಿ ನಿಧಾನ. ಆಗ ಬೇರೆ ಅಡ್ವಾನ್ಸ್. ಇಷ್ಟು ಸುತ್ತು, ಇಷ್ಟು ಆಕ್ಸಿಲರೇಟರ್ ಇದ್ದಾಗ ಇಷ್ಟು ಡಿಗ್ರಿ ಎಂದು ಬರೆದಿಟ್ಟ ಕೋಷ್ಟಕವೇ ಇಗ್ನಿಷನ್ ಮ್ಯಾಪ್.

ನಮ್ಮ ಊರಿನವರಿಗೆ ಇದು ಹೊಸದೇನಲ್ಲ. ಹಳೆಯ ಪಲ್ಸರ್ ಡಿಟಿಎಸ್-ಐ ಓಡಿಸಿದವರಿಗೆ ಟ್ರಿಕ್ಸ್ ಎಂಬ ಹೆಸರು ನೆನಪಿರಬಹುದು. ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂದು ನೋಡಿ ಸ್ಪಾರ್ಕಿನ ಟೈಮಿಂಗ್ ಬದಲಿಸುವ ವ್ಯವಸ್ಥೆ ಅದು. ಅದೆಲ್ಲ ತಾನಾಗಿಯೇ ನಡೆಯುತ್ತಿತ್ತು. ಡರ್ಟ್ ಬೈಕುಗಳಲ್ಲಿ ಸವಾರನೇ ಕೋಷ್ಟಕ ಆರಿಸಬಹುದು. ಯಮಾಹಾದ ಡಬ್ಲ್ಯುಆರ್450ಎಫ್‌ನಲ್ಲಿ ಬೂದು ಬಣ್ಣದ ಒಂದು ವೈರ್ ಕಳಚಿ ಮ್ಯಾಪ್ ಬದಲಿಸುತ್ತಿದ್ದರು. ಕೆಟಿಎಂನ ಟೂ ಸ್ಟ್ರೋಕ್ ಎಂಡ್ಯೂರೋ ಬೈಕುಗಳಿಗೆ ಹ್ಯಾಂಡಲಿನಲ್ಲೇ ಸ್ವಿಚ್ ಹಾಕಬಹುದು. 2015ರ ಹೋಂಡಾ ಸಿಆರ್‌ಎಫ್450ಆರ್‌ಗೆ ಮೂರು ಮೋಡಿನ ಬಟನ್ ಬಂತು. ಕವಾಸಾಕಿ ಕೂಡ 2024ರ ಕೆಎಕ್ಸ್450ಗೆ ಕಪ್ಲರ್ ಬಿಟ್ಟು ಬಟನ್ ಕೊಟ್ಟಿತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಎಕ್ಸ್‌ಪಲ್ಸ್ 200 4ವಿಯಲ್ಲಿ ರೋಡ್, ಆಫ್‌ರೋಡ್, ರ‍್ಯಾಲಿ ಅಂತ ಬರುವುದು ಎಬಿಎಸ್‌ನ ಮೋಡು, ಎಂಜಿನ್‌ನದ್ದಲ್ಲ. ಹಿಮಾಲಯನ್ 450ಯ ಮೋಡು ಬದಲಿಸಿದರೆ ಆಕ್ಸಿಲರೇಟರ್ ತಿರುವಿದ್ದಕ್ಕೆ ಎಂಜಿನ್ ಎಷ್ಟು ಚುರುಕಾಗಿ ಓಗೊಡುತ್ತದೆ ಎಂಬುದು ಬದಲಾಗುತ್ತದೆ. ಇಗ್ನಿಷನ್ ಮ್ಯಾಪ್, ಎಬಿಎಸ್ ಮೋಡು, ಆಕ್ಸಿಲರೇಟರಿನ ಮೋಡು ಮೂರೂ ಬೇರೆ ಬೇರೆ. ನನ್ನ ಹತ್ತಿರ ಬರುವ ಹುಡುಗರು ಮೂರನ್ನೂ ಮ್ಯಾಪ್ ಎಂದೇ ಕರೆಯುತ್ತಾರೆ.

ಕೆಎಕ್ಸ್ ಕಪ್ಲರ್ ಬದಲಿಸಿದರೆ ಟೈಮಿಂಗ್ ಮಾತ್ರ ಬದಲಾಗುವುದಿಲ್ಲ, ಇಂಜೆಕ್ಟರ್ ಕೊಡುವ ಪೆಟ್ರೋಲ್ ಪ್ರಮಾಣವೂ ಬದಲಾಗುತ್ತದೆ. ಬಿಳಿ ಕಪ್ಲರಿನಲ್ಲಿ ಎಂಜಿನ್ ಚುರುಕು, ಪೆಟ್ರೋಲ್ ಸ್ವಲ್ಪ ಕಡಿಮೆ. ಈ ಎರಡನೆಯದನ್ನು ನೆನಪಿಡಿ.

ಒಂದೊಂದೇ ಬದಲಿಸಿ ನೋಡಿದ್ದು

ಮೊದಲು ಬೈಕನ್ನು ಕಂಪನಿ ಕೊಟ್ಟ ಸ್ಥಿತಿಗೆ ತಂದೆವು. ಹಳೆಯ ಸ್ಪ್ರಾಕೆಟ್ ವಾಪಸ್. ಏರ್ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದೆವು. ಹೊಸ ಪ್ಲಗ್. ಟೈರಿನಲ್ಲಿ ಗಾಳಿ ತುಂಬಾ ಗಟ್ಟಿ ಇತ್ತು, 12 ಪಿಎಸ್‌ಐಗೆ ಇಳಿಸಿದೆವು. ಇಷ್ಟಕ್ಕೇ ಸ್ವಲ್ಪ ಗುಣ ಕಂಡಿತು. ಆದರೆ ತಿರುವಿನಲ್ಲಿ ಆಫ್ ಆಗುವುದು ನಿಲ್ಲಲಿಲ್ಲ.

ಕಪ್ಲರ್ ಕಳಚಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡಿತು. ಕರಾವಳಿಯ ಉಪ್ಪುಗಾಳಿ, ಮೇಲಿಂದ ಮಳೆ, ಪ್ರತಿ ಸಲ ತೊಳೆಯುವಾಗ ಪ್ರೆಶರ್ ವಾಷರಿನ ನೀರು. ಸಂಪರ್ಕ ಒಮ್ಮೆ ಇದ್ದು ಒಮ್ಮೆ ಇಲ್ಲದಿದ್ದರೆ ಯಾವ ಪರೀಕ್ಷೆಯೂ ನಂಬುವಂತಿರುವುದಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದ ಮೇಲೆಯೇ ಮುಂದಿನ ಕೆಲಸ.

ಆಮೇಲೆ ಅವನಿಗೆ ಒಂದು ಷರತ್ತು ಹಾಕಿದೆ. “ಕಪ್ಲರ್ ನಾನು ಹಾಕ್ತೇನೆ. ಯಾವುದು ಅಂತ ಹೇಳುವುದಿಲ್ಲ. ನೀನು ಓಡಿಸಿ ಬಂದು ಹೇಗಿತ್ತು ಅಂತ ಮಾತ್ರ ಹೇಳು.” ಮುಂದಿನ ರೇಸ್ ನಂಬರ್ ಬೋರ್ಡಿನ ಹಿಂದೆ ಟೇಪ್ ಸುತ್ತಿ ಕಪ್ಲರ್ ಕಾಣದ ಹಾಗೆ ಮಾಡಿದೆ. ಮಾವನ ಮಗಳು ಸ್ಟಾಪ್‌ವಾಚ್ ಹಿಡಿದು ಕೋರೆಯ ದಂಡೆಯಲ್ಲಿ ಕೊಡೆ ಬಿಡಿಸಿ ನಿಂತಳು.

ಬಿಳಿ ಹಾಕಿದ ರೌಂಡುಗಳ ನಂತರ ಅವನ ಮುಖ ಅರಳಿತ್ತು. “ಇದೇ ಫಾಸ್ಟ್, ಇದರಲ್ಲಿ ಗಾಡಿ ಹಾರ್ತದೆ” ಎಂದ. ಕಪ್ಪು ಹಾಕಿದ ರೌಂಡುಗಳ ನಂತರ ಬೇಸರದಿಂದ ಬಂದ. “ಇದು ಸ್ಲೋ. ಎಂತ ಸತ್ತ ಹಾಗೆ ಉಂಟು.” ಹಸಿರು ಎರಡರ ನಡುವೆ ಎಂದ.

ವಾಚು ಹೇಳಿದ್ದು ಇದಕ್ಕೆ ತದ್ವಿರುದ್ಧ. ಪ್ರತಿ ಸಲವೂ ಕಪ್ಪಿನಲ್ಲೇ ಕಡಿಮೆ ಹೊತ್ತು. ಬಿಳಿಯಲ್ಲಿ ಅತಿ ಹೆಚ್ಚು ಹೊತ್ತು, ಅದೂ ಎಂಜಿನ್ ಆಫ್ ಆದ ರೌಂಡನ್ನು ಬಿಟ್ಟು ಲೆಕ್ಕ ಹಾಕಿದಾಗ. ಅವನು ನಂಬಲಿಲ್ಲ. ಕ್ರಮ ಬದಲಿಸಿ ಮತ್ತೆ ಓಡಿಸಿದೆವು. ಫಲ ಅದೇ.

ಇದರಲ್ಲಿ ವಿಚಿತ್ರ ಏನೂ ಇಲ್ಲ. ಹಿಂದಿನ ಚಕ್ರ ಜಾರಿ ತಿರುಗುವಾಗ ಎಂಜಿನ್ ಕೂಗುತ್ತದೆ, ಹಿಂಬದಿ ಅತ್ತ ಇತ್ತ ಹೊರಳುತ್ತದೆ, ಸವಾರನ ಕೈ ತುಂಬಾ ಕೆಲಸ. ಕಿವಿ ಮತ್ತು ಕೈ ಇದನ್ನೇ ವೇಗ ಎಂದು ತಿಳಿಯುತ್ತವೆ. ಚಕ್ರ ಜಾರದೆ ನೆಲ ಹಿಡಿದರೆ ಸದ್ದು ಕಡಿಮೆ, ಗಲಾಟೆ ಕಡಿಮೆ. ಬೈಕು ಸುಮ್ನೆ ಮುಂದೆ ಹೋಗುತ್ತಿರುತ್ತದೆ. ಸವಾರನಿಗೆ ಅದು ನಿಧಾನ ಎನಿಸುತ್ತದೆ. ಟೈರ್ ಒಮ್ಮೆ ನೆಲ ಬಿಟ್ಟು ಜಾರತೊಡಗಿದರೆ ಹಿಡಿತ ಇನ್ನೂ ಕುಸಿಯುತ್ತದೆ. ಹಾವಸೆ ಕಟ್ಟಿದ ಕಲ್ಲಿನಲ್ಲಂತೂ ಅದು ಒಂದೇ ಕ್ಷಣದಲ್ಲಿ ಆಗಿಹೋಗುತ್ತದೆ. ಕಪ್ಪಿನಂಥ ಮೆದು ಮ್ಯಾಪ್ ಆ ಅಂಚಿಗೆ ಮೆಲ್ಲನೆ ಕರೆದೊಯ್ಯುತ್ತದೆ, ಸವಾರನಿಗೆ ಆಕ್ಸಿಲರೇಟರ್ ಹದ ಮಾಡಲು ಜಾಗ ಸಿಗುತ್ತದೆ. ಮುಂಗೈ ಬಿಗಿಯುವುದೂ ಅದರಿಂದಲೇ ಕಡಿಮೆಯಾಯಿತು. ಹೊರಳುವ ಬೈಕನ್ನು ಹಿಡಿದಿಡುವ ಕೆಲಸ ಇಲ್ಲವಲ್ಲ.

ಮೆದು ಮ್ಯಾಪ್ ಹಾಕಿಕೊಂಡರೆ ಕೈ ಪಳಗುವುದಿಲ್ಲ, ಜೋರಿನಲ್ಲೇ ಕಲಿಯಬೇಕು ಎನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಚಕ್ರ ಯಾವಾಗ ಜಾರುತ್ತದೆ ಎಂದು ಕೈಗೆ ತಿಳಿಯಬೇಕಾದರೆ ಅದು ಜಾರುವ ಮುನ್ನ ಸ್ವಲ್ಪ ಸೂಚನೆ ಸಿಗಬೇಕು. ಬಿಳಿಯಲ್ಲಿ ಆ ಸೂಚನೆ ಸಿಗುವ ಮೊದಲೇ ಬೈಕು ಅಡ್ಡವಾಗಿರುತ್ತದೆ. ಇದರಲ್ಲಿ ಕಲಿಯುವುದು ಹೆದರಿಕೆಯನ್ನು ಮಾತ್ರ.

ಮಾವನಿಗೆ ಬೇರೆ ಕಾರಣಕ್ಕೆ ಸಮಾಧಾನವಾಯಿತು. ತೋಟದ ಇಳಿಜಾರಿನಲ್ಲಿ ಚಕ್ರ ಕೆರೆದಲ್ಲೆಲ್ಲ ಕಣಿ ಬಿದ್ದು, ಮಳೆನೀರು ಅದರಲ್ಲೇ ಹರಿದು ಮಣ್ಣು ಕೊಚ್ಚಿಹೋಗುತ್ತಿತ್ತು. “ನಿಮ್ಮ ಆಟದಲ್ಲಿ ರಬ್ಬರಿನ ಬೇರು ಮೇಲೆ ಬಂತು” ಎಂದು ಅವರು ಬೈಕು ನಿಲ್ಲಿಸುವ ಯೋಚನೆಯಲ್ಲಿದ್ದರು. ಕಪ್ಪು ಹಾಕಿದ ಮೇಲೆ ಹೊಸ ಕಣಿ ಬೀಳುವುದು ಬಹಳ ಕಡಿಮೆಯಾಯಿತು.

ಆಫ್ ಆಗುವುದಕ್ಕೆ ಇನ್ನೊಂದು ಕಾರಣ

ಕಪ್ಪಿನಲ್ಲಿ ಎಂಜಿನ್ ಆಫ್ ಆಗುವುದು ನಿಂತಿತು. ಹಸಿರಿನಲ್ಲಿ ಅಪರೂಪಕ್ಕೊಮ್ಮೆ ಆಗುತ್ತಿತ್ತು. ಬಿಳಿಯಲ್ಲಿ ಮಾತ್ರ ಪದೇ ಪದೇ. ಬಿಳಿಯಲ್ಲಿ ಓಡಿಸಿದ ಪ್ಲಗ್ ಬಿಚ್ಚಿ ನೋಡಿದರೆ ಪಿಂಗಾಣಿ ಸುಣ್ಣದಂತೆ ಬೆಳ್ಳಗಿತ್ತು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು. ಎರಡೂ ಪೆಟ್ರೋಲ್ ಸಾಲುತ್ತಿಲ್ಲ ಎನ್ನುವ ಗುರುತು.

ಇಲ್ಲಿ ನಮ್ಮ ಬಂಕಿನ ಪೆಟ್ರೋಲ್ ಲೆಕ್ಕಕ್ಕೆ ಬರುತ್ತದೆ. ಈಗ ಸಿಗುವುದು ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ್ದು. ಬರೀ ಪೆಟ್ರೋಲ್ ಒಂದು ಕೆಜಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥೆನಾಲ್‌ಗೆ ಸುಮಾರು 9 ಕೆಜಿ ಸಾಕು. ಇ20ಗೆ ಅದು 13.5ರ ಆಸುಪಾಸಿಗೆ ಬರುತ್ತದೆ. ಅಂದರೆ ಒಳಗೆ ಬಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಈಗಿನ ರಸ್ತೆ ಬೈಕುಗಳಲ್ಲಿ ಸೈಲೆನ್ಸರಿನ ಪೈಪಿಗೆ ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದು ಹೊಗೆಯನ್ನು ನೋಡಿ, ಕಡಿಮೆ ಬಿದ್ದರೆ ಇಸಿಯುಗೆ ಹೇಳುತ್ತದೆ. ಈ ರೇಸ್ ಬೈಕಿನಲ್ಲಿ ಆ ಸೆನ್ಸರ್ ಇಲ್ಲ. ಮ್ಯಾಪಿನಲ್ಲಿ ಬರೆದಷ್ಟೇ ಪೆಟ್ರೋಲ್ ಬೀಳುತ್ತದೆ, ಬಂಕಿನಲ್ಲಿ ಏನು ಬೆರೆಸಿದ್ದಾರೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಬಿಳಿ ಕಪ್ಲರಿನ ಮ್ಯಾಪಿನಲ್ಲಿ ಮೊದಲೇ ಪೆಟ್ರೋಲ್ ಕಡಿಮೆ. ಇ20 ಹಾಕಿದಾಗ ಇನ್ನೂ ಕಡಿಮೆಯಾದಂತೆ.

ಇಂಥ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಕೆಲವು ಸಲ ಹೊತ್ತಿಕೊಳ್ಳುವುದೇ ಇಲ್ಲ. ರೇಸ್ ಎಂಜಿನ್‌ನ ಕ್ರ್ಯಾಂಕ್ ಮತ್ತು ಮ್ಯಾಗ್ನೆಟ್ ಹಗುರ. ನಿಧಾನದ ತಿರುವಿನಲ್ಲಿ ಸುತ್ತು ಇಳಿದಾಗ ಒಂದು ಉರಿ ತಪ್ಪಿದರೆ ಮುಂದಿನ ಉರಿಯವರೆಗೆ ತಳ್ಳಿಕೊಂಡು ಹೋಗುವ ಭಾರ ಅದಕ್ಕಿಲ್ಲ. ಟಪ್ ಎಂದು ನಿಲ್ಲುತ್ತದೆ. ಬಿಸಿಯಲ್ಲಿ ಕಿಕ್ಕರ್ ಹೊಡೆಯುವ ಕಷ್ಟವೂ ಇದರದ್ದೇ ಮುಂದುವರಿಕೆ. ಕಾಲಿಗೆ ಹೊಡೆದದ್ದಕ್ಕೆ ಮಾತ್ರ ಟೈಮಿಂಗೂ ಸೇರಿಕೊಂಡಿದೆ. ಕಿಕ್ಕರ್ ಅರ್ಧಕ್ಕೆ ತುಳಿದು ಕ್ರ್ಯಾಂಕ್ ನಿಧಾನವಾದಾಗ, ಬೇಗ ಬಂದ ಸ್ಪಾರ್ಕ್ ಪಿಸ್ಟನ್ನನ್ನು ವಾಪಸ್ ತಳ್ಳುತ್ತದೆ.

ಎಥೆನಾಲ್‌ಗೆ ನೀರು ಹೀರುವ ಗುಣ ಬೇರೆ. ಆಟಿಯ ತೇವದಲ್ಲಿ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿಯ ಪೆಟ್ರೋಲ್ ಹಾಗೇ ಉಳಿಯುವುದಿಲ್ಲ. ನೀರು ಜಾಸ್ತಿಯಾದರೆ ಎಥೆನಾಲ್ ಮತ್ತು ನೀರು ಸೇರಿ ಬೇರ್ಪಟ್ಟು ತಳದಲ್ಲಿ ಕೂರುತ್ತವೆ. ಪಂಪ್ ಎಳೆಯುವುದು ಅಲ್ಲಿಂದಲೇ. ನಾವು ಹಳೆಯದನ್ನು ಪೂರ್ತಿ ಇಳಿಸಿ ಹೊಸದು ಹಾಕಿದ್ದೆವು. ಓಡಿಸದೆ ಇಡುವಾಗ ಟ್ಯಾಂಕಿ ಖಾಲಿ ಮಾಡುವುದು ಈಗ ಅವನಿಗೆ ಅಭ್ಯಾಸವಾಗಿದೆ.

ಎಂಜಿನ್ ಬಿಚ್ಚಿಸುವ ದಿನ ರದ್ದಾಯಿತು. ಕಂಪ್ರೆಶನ್ ಅಳೆದು ನೋಡಿದೆವು, ರಿಂಗಿಗೆ ಏನೂ ಆಗಿರಲಿಲ್ಲ.

ಮಳೆ ನಿಂತ ಮೇಲೆ

ದೀಪಾವಳಿ ಕಳೆದು ನೆಲ ಒಣಗಿದಾಗ ಮತ್ತೆ ಪರೀಕ್ಷೆ ಮಾಡಿದೆವು. ಹಾವಸೆ ಒಣಗಿ ಉದುರಿತ್ತು, ಮುರಕಲ್ಲಿನ ಒರಟು ಮೈ ಹೊರಗೆ ಬಂದಿತ್ತು. ಟೈರ್ ಚೆನ್ನಾಗಿ ಹಿಡಿಯುತ್ತಿತ್ತು. ಈಗ ಕಪ್ಪಿನಲ್ಲಿ ಬೈಕು ನಿಜವಾಗಿಯೂ ಹಿಂದೆ ಬಿದ್ದಿತು. ಹಸಿರು ಚೆನ್ನಾಗಿತ್ತು. ಮಣ್ಣು ತುಂಬಿಸಿದ ಗದ್ದೆಯಲ್ಲಿ ಮಾತ್ರ ಚಕ್ರ ಇಳಿಯುವಷ್ಟು ಪುಡಿಮಣ್ಣು. ಅಲ್ಲಿ ಅವನ ದುಬೈ ಅನುಭವ ಸರಿಯಾಗಿ ಉಪಯೋಗಕ್ಕೆ ಬಂತು, ಬಿಳಿ ಎಲ್ಲಕ್ಕಿಂತ ಮುಂದೆ. ಆದರೆ ಇಡೀ ರೌಂಡಿನಲ್ಲಿ ಆ ಗದ್ದೆ ಒಂದು ಸಣ್ಣ ತುಂಡು. ಅಷ್ಟಕ್ಕಾಗಿ ಉಳಿದ ಕಡೆಯೆಲ್ಲ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಈಗಿನ ಏರ್ಪಾಡು ಹೀಗಿದೆ. ಜೂನ್‌ನಿಂದ ನೆಲ ಒಣಗುವವರೆಗೆ ಕಪ್ಪು. ಆಮೇಲೆ ಹಸಿರು. ಬೇರೆ ಕಡೆ ರೇಸಿಗೆ ಹೋದರೆ ಬೈಕು ಇಳಿಸುವ ಮೊದಲು ಟ್ರ್ಯಾಕಿನಲ್ಲಿ ನಡೆದು, ಷೂ ಎಷ್ಟು ಇಳಿಯುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡಿ ಕಪ್ಲರ್ ಆರಿಸುತ್ತಾನೆ. ಬಿಳಿಯನ್ನು ಇ20 ಜೊತೆ ಹಾಗೇ ಹಾಕಬೇಡ ಎಂದಿದ್ದೇನೆ. ಕವಾಸಾಕಿಯದೇ ಎಫ್‌ಐ ಕ್ಯಾಲಿಬ್ರೇಷನ್ ಕಿಟ್ ಇದೆ. ಅದರಲ್ಲಿ ಪೆಟ್ರೋಲ್ ಮತ್ತು ಟೈಮಿಂಗ್ ಎರಡನ್ನೂ ತಿದ್ದಿ ಹೊಸ ಮ್ಯಾಪ್ ಬರೆಯಬಹುದು. ಟೈಮಿಂಗ್ ಮುಟ್ಟದೆ, ಪೆಟ್ರೋಲನ್ನು ಮಾತ್ರ ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿ, ಪ್ರತಿ ಹೆಜ್ಜೆಗೂ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಈ ಎಂಜಿನ್‌ನ ಕಂಪ್ರೆಶನ್ ಅನುಪಾತ 13ಕ್ಕಿಂತ ಜಾಸ್ತಿ, ನಾಕ್ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಸಿಡಿಯುವುದು) ಹಿಡಿಯುವ ಸೆನ್ಸರ್ ಇಲ್ಲ. ಟೈಮಿಂಗ್ ಏರಿಸಲು ಹೋಗಿ ನಾಕ್ ಶುರುವಾದರೆ, ಹೆಲ್ಮೆಟ್ ಒಳಗೆ ಅದರ ಸದ್ದು ಕೇಳುವ ಹೊತ್ತಿಗೆ ಪಿಸ್ಟನ್‌ಗೆ ಪೆಟ್ಟು ಬಿದ್ದಿರುತ್ತದೆ.

ಕಿಟ್ ಎರವಲು ಸಿಕ್ಕಿದೆ. ಗದ್ದೆಯ ಮಣ್ಣು ಗಟ್ಟಿಯಾಗುವ ಮೊದಲು, ಬರುವ ಭಾನುವಾರ, ಬಿಳಿಯ ಕೆಲಸ ಶುರು ಮಾಡುತ್ತೇವೆ.